ಬಾಟ್ಲಿಗೆ ರೊಕ್ಕ, ಬುದ್ಧಿಗೆ ಉದ್ರಿ

ಸದಲಗಾದ ಯಾವ ಗಲ್ಲಿಗೆ ಹೋದರೂ ಒಬ್ಬ ತಾತ್ಯಾ ಸಿಗುತ್ತಾರೆ. ಏಕಸಂಬಾ, ಬೋರಗಾಂವ, ಯಡೂರುಗಳಲ್ಲೂ ಇದ್ದಾರೆ. ಅಲ್ಲಿ ಅವರನ್ನು ಅಪ್ಪಾ ಎಂದೋ ದಾದಾ ಎಂದೋ ಕರೆಯುತ್ತಾರೆ, ಅಷ್ಟೇ. ತಲೆಗೆ ಬಿಳಿ ಟೋಪಿ, ಹೊಲದಲ್ಲಿ ಕಬ್ಬು, ಹಿತ್ತಲಲ್ಲಿ ನಾಲ್ಕು ಎಮ್ಮೆ, ಪುಣೆಯಲ್ಲಿ ಮಗ. ರೊಕ್ಕಕ್ಕೆ ಬರವಿಲ್ಲ. ಮಗಳ ಮದುವೆಯಲ್ಲಿ ಮಂಟಪದವನು ಕೇಳಿದಷ್ಟು ಎಣಿಸಿಕೊಟ್ಟವರು. ಆದರೆ ದನದ ಡಾಕ್ಟರು ಚೀಲದ ಚೈನು ಎಳೆದು ‘ಬರ್ತೀನ್ರೀ ತಾತ್ಯಾ’ ಎಂದರೆ ಸಾಕು, ತಾತ್ಯಾನ ಕೈ ಕಿಸೆಯ ಬಾಯಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ.

ತಾತ್ಯಾ ಜಿಪುಣರಲ್ಲ. ಅವರದೊಂದು ಅರ್ಥಶಾಸ್ತ್ರವಿದೆ. ಕಣ್ಣಿಗೆ ಕಾಣುವುದಕ್ಕೆ ಬೆಲೆ ಉಂಟು, ಕಾಣದ್ದಕ್ಕೆ ಇಲ್ಲ. ಸೂಜಿಗೆ ಇಷ್ಟು, ಸಲಾಯಿನ್ ಬಾಟ್ಲಿಗೆ ಇಷ್ಟು, ಕೆಂಪು ಟಾನಿಕ್‌ಗೆ ಇನ್ನೂ ಒಂದಿಷ್ಟು. ಎಮ್ಮೆಯ ಕಣ್ಣರೆಪ್ಪೆ ಬಿಡಿಸಿ ನೋಡಿ, ಹೊಟ್ಟೆಯ ಎಡಗಡೆ ಮುಷ್ಟಿ ಒತ್ತಿ, ಎರಡು ನಿಮಿಷ ಸುಮ್ಮನೆ ನಿಂತು, ‘ಏನೂ ಆಗಿಲ್ಲ, ಎರಡ ದಿನಾ ಹಿಂಡಿ ಕಡಿಮಿ ಮಾಡ್ರಿ’ ಎಂದು ಹೇಳುವ ಡಾಕ್ಟರು ತಾತ್ಯಾನ ಲೆಕ್ಕದಲ್ಲಿ ಹಾದಿಹೋಕ. ‘ಸೂಜಿನ ಮಾಡ್ಲಿಲ್ಲ, ರೊಕ್ಕ ಎದರದು?’ ಆದ್ದರಿಂದ ನಮ್ಮ ಕಡೆಯ ಜಾಣ ಡಾಕ್ಟರುಗಳು, ಬೇಕಿರಲಿ ಬೇಡವಿರಲಿ, ಒಂದು ವಿಟಮಿನ್ ಸೂಜಿಯನ್ನು ಚುಚ್ಚಿಯೇ ಹೋಗುತ್ತಾರೆ. ಅದು ಎಮ್ಮೆಗಲ್ಲ, ತಾತ್ಯಾಗೆ.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ತಾತ್ಯಾನ ದೊಡ್ಡ ಎಮ್ಮೆ ಈದ ಮರುದಿನವೇ ನೆಲ ಹಿಡಿಯಿತು. ಕೊರಳನ್ನು ಡೊಂಕಾಗಿ ತಿರುಗಿಸಿ ಪಕ್ಕೆಗೆ ಆನಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಹಾಲುಜ್ವರ. ಹೆಸರಲ್ಲಿ ಜ್ವರವಿದ್ದರೂ ಮೈ ಬಿಸಿಯಾಗುವುದಿಲ್ಲ. ರಕ್ತದೊಳಗಿನ ಕ್ಯಾಲ್ಸಿಯಂ ಗಿಣ್ಣದ ಹಾಲಿಗೆ ಹರಿದು ದನ ಕುಸಿದು ಬೀಳುತ್ತದೆ. ಕಾರ್ಖಾನೆಗಳು ಶುರುವಾದರೆ ನಮ್ಮಲ್ಲಿ ದನಕ್ಕೆ ಮೂರು ಹೊತ್ತೂ ಕಬ್ಬಿನ ಸೋಗೆಯೇ. ಸೋಗೆಯಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೈಗೆ ಹತ್ತಲು ಬಿಡುವುದಿಲ್ಲ. ದಿನಾ ಒಂದು ಮುಷ್ಟಿ ಖನಿಜ ಮಿಶ್ರಣ ಹಾಕಿ ಎಂದು ಡಾಕ್ಟರು ಹೇಳುತ್ತಲೇ ಬಂದಿದ್ದರು. ಆದರೆ ಖನಿಜ ಮಿಶ್ರಣ ತಿಂದ ಎಮ್ಮೆ ನೋಡುವುದಕ್ಕೆ ತಿನ್ನದ ಎಮ್ಮೆಯ ಹಾಗೆಯೇ ಇರುತ್ತದೆ. ಹೀಗಾಗಿ ಅದು ತಾತ್ಯಾನ ಅರ್ಥಶಾಸ್ತ್ರಕ್ಕೆ ಒಗ್ಗಲಿಲ್ಲ.

ರಾತ್ರಿ ಹತ್ತು ದಾಟಿದ ಮೇಲೆ ಡಾಕ್ಟರು ಬೈಕಿನಲ್ಲಿ ಬಂದರು. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನ ಚರಿಗೆಯಲ್ಲಿ ಅದ್ದಿ ಬೆಚ್ಚಗೆ ಮಾಡಿದರು. ಕೊರಳ ನರ ಹುಡುಕಿ ಸೂಜಿ ಸೇರಿಸಿ ಬಾಟಲಿಯನ್ನು ತಾತ್ಯಾನ ಕೈಗೆ ಕೊಟ್ಟು, ತಾವು ಎಮ್ಮೆಯ ಎದೆಗೆ ಸ್ಟೆತೊಸ್ಕೋಪು ಹಚ್ಚಿ ಕುಕ್ಕರಗಾಲಲ್ಲಿ ಕೂತರು. ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ತಾತ್ಯಾನ ಕೈ ನೋಯತೊಡಗಿತು. ‘ಸ್ವಲ್ಪ ಜೋರ್ ಬಿಡ್ರೆಲ್ಲಾ, ರಾತ್ರಿ ಆತು.’

‘ಜೋರ್ ಬಿಟ್ರ ಎದಿ ನಿಂತ ಹೊಕ್ಕೈತ್ರಿ.’

‘ಯಾರ್ದು?’

ಬಾಟಲಿ ತಳ ಕಾಣುವ ಹೊತ್ತಿಗೆ ಎಮ್ಮೆಯ ಪಕ್ಕೆ ಅದುರಿತು. ಒಂದು ದೊಡ್ಡ ಡೇಗು ಬಂತು. ಆಮೇಲೆ ಸೆಗಣಿ ಹಾಕಿತು, ಮುಂಗಾಲು ಊರಿ ಹಿಂಗಾಲು ಎತ್ತಿತು, ಎದ್ದು ನಿಂತು ಕರುವಿನ ಕಡೆ ತಿರುಗಿ ಕೂಗಿತು. ನೋಡಲು ಬಂದಿದ್ದ ಗಲ್ಲಿಯ ಹೆಂಗಸರು ಕೈ ಮುಗಿದರು. ಪಶುವೈದ್ಯದಲ್ಲಿ ಇಷ್ಟು ಬೇಗ ಕಣ್ಣಿಗೆ ಕಾಣುವ ಗುಣ ಅಪರೂಪ. ಡಾಕ್ಟರಿಗೆ ನಷ್ಟವಾಗುವುದೂ ಇಲ್ಲಿಯೇ. ‘ಅರ್ಧಾ ತಾಸಿನ ಕೆಲಸಕ್ಕ ಇಷ್ಟ ರೊಕ್ಕಾ? ಬಾಟ್ಲಿ ಹಿಡದಾಂವ ನಾನು!’ ಎಂದರು ತಾತ್ಯಾ. ಗುಣವಾಗಲು ಮೂರು ದಿನ ಹಿಡಿದಿದ್ದರೆ, ‘ಮೂರ ದಿನಾ ತೊಗೊಂಡ್ರಿ, ಮತ್ತ ರೊಕ್ಕನೂ ಕೇಳ್ತೀರಿ’ ಎನ್ನುತ್ತಿದ್ದರು. ಎಮ್ಮೆ ಎಷ್ಟು ಹೊತ್ತಿನಲ್ಲಿ ಎದ್ದರೆ ತಾತ್ಯಾಗೆ ಫೀ ನ್ಯಾಯವೆನಿಸುತ್ತದೆ ಎಂಬುದನ್ನು ಈವರೆಗೆ ಯಾವ ಡಾಕ್ಟರೂ ಕಂಡುಹಿಡಿದಿಲ್ಲ.

ಮಾತಿನಲ್ಲಿ ಸೋತರೆ ತಾತ್ಯಾ ಧರ್ಮಕ್ಕೆ ಕೈ ಹಾಕುತ್ತಾರೆ. ಸದಲಗಾ ಎಂದರೆ ಜೈನ ಆಚಾರ್ಯ ವಿದ್ಯಾಸಾಗರ ಮಹಾರಾಜರು 1946ರಲ್ಲಿ ಹುಟ್ಟಿದ ನೆಲ. ಅವರ ಪ್ರೇರಣೆಯಿಂದ ಉತ್ತರದಲ್ಲಿ ಎಷ್ಟೋ ಗೋಶಾಲೆಗಳು ಎದ್ದವು. ‘ಇಂಥಾ ಮಹಾತ್ಮರ ಊರಾಗ ಮೂಕ ಪ್ರಾಣಿಗೆ ರೊಕ್ಕ ಕೇಳೂದ?’ ಎಂದು ಟೋಪಿ ತೆಗೆದು ಕೇಳುತ್ತಾರೆ. ಅದೇ ಮೂಕ ಪ್ರಾಣಿಯ ಹಾಲಿಗೆ ಡೇರಿಯವರು ಫ್ಯಾಟಿನ ಒಂದು ಅಂಕ ಕಡಿಮೆ ತೋರಿಸಿದ ದಿನ ಈ ಧರ್ಮಶ್ರದ್ಧೆ ಎಲ್ಲಿ ಹೋಗುತ್ತದೋ ತಿಳಿಯದು.

ಕೊಟ್ಟಿಗೆಯ ಮಾಡದಲ್ಲಿ ತಾತ್ಯಾನ ಔಷಧಾಲಯವಿದೆ. ಅರ್ಧ ಉಳಿದ ಕ್ಯಾಲ್ಸಿಯಂ, ಹೊಟ್ಟೆಯುಬ್ಬರದ ಎಣ್ಣೆ, ಗಾಯಕ್ಕೆ ಹೊಡೆಯುವ ನೇರಳೆ ಸ್ಪ್ರೇ, ಬತ್ತೀಸಾ ಪುಡಿ, ಡೊಂಕಾದ ಸೂಜಿ, ಚೀಟಿ ಕಿತ್ತುಹೋದ ಎರಡು ಬಾಟಲಿ. ಎಕ್ಸ್‌ಪಾಯರಿ ತಾರೀಖು ಕಂಪನಿಯವರ ಹಿಕಮತ್ತು ಎಂದು ಅವರು ನಂಬಿದ್ದಾರೆ. ಕೆಚ್ಚಲುಬಾವಿಗೆ ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಎರಡನೇ ದಿನಕ್ಕೆ ಬಾವು ಇಳಿಯುತ್ತದೆ. ಉಳಿದ ಮೂರು ಡೋಸು ಮಾಡ ಸೇರುತ್ತವೆ, ಮುಂದಿನ ಎಮ್ಮೆಗೆ ಅಥವಾ ಪಕ್ಕದ ಮನೆಯ ಆಡಿಗೆ. ‘ಔಷಧ ನಡದಿರೂತನಕ ಹಾಲ ಡೇರಿಗೆ ಹಾಕಬ್ಯಾಡ್ರಿ’ ಎಂದು ಡಾಕ್ಟರು ಹೇಳುವಾಗ ಮಾತ್ರ ತಾತ್ಯಾಗೆ ಕಿವಿ ಮಂದ.

ಅವರಿಗೆ ಇನ್ನೂ ಮರೆಯಲಾಗದ ದುಃಖ ಡೈಕ್ಲೊಫೆನಾಕಿನದು. ಆ ನೋವಿನ ಸೂಜಿ ಮಾಡಿಸಿಕೊಂಡು ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದ ಹದ್ದುಗಳು ಸಾಲುಸಾಲಾಗಿ ಸತ್ತದ್ದು ಗೊತ್ತಾಗಿ, ಸರಕಾರ 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿತು. ‘ಹದ್ದಿನ ಸಲುವಾಗಿ ನಮ್ಮ ಎಮ್ಮಿ ಕುಂಟಬೇಕಾ? ನಾ ಸತ್ತ ದನಾ ಹೂಳತೀನಿ, ಹದ್ದಿಗೆ ಎಲ್ಲಿ ಸಿಗತೈತಿ?’ ಎಂಬುದು ತಾತ್ಯಾನ ವಾದ. ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಂ ಇದೆಯಲ್ಲ ಎಂದರೆ ಅದು ಅವರ ಕೈಗುಣಕ್ಕೆ ಹೊಂದುವುದಿಲ್ಲವಂತೆ. ಮನುಷ್ಯರ ಔಷಧದಂಗಡಿಯಿಂದ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುವ ದಾರಿಯೊಂದು ಆಮೇಲೂ ತೆರೆದಿತ್ತು. 2015ರಲ್ಲಿ ಆ ಸೂಜಿಮದ್ದು ಮೂರು ಮಿಲಿಯ ಒಂದೇ ಡೋಸಿನ ಬಾಟಲಿಯಲ್ಲಿ ಮಾತ್ರ ಬರಬೇಕು ಎಂದಾಯಿತು. ತಾತ್ಯಾ ಸೋಲಲಿಲ್ಲ. ಅಂಗಡಿಗೆ ಹೋಗಿ ಏಳು ಬಾಟಲಿ ಕೇಳಿದರು. ಅಂಗಡಿಯವನು ಚಷ್ಮಾದ ಮೇಲಿಂದ ನೋಡಿ, ‘ತಾತ್ಯಾ, ಮನ್ಯಾಗ ಎಷ್ಟ ಮಂದಿಗಿ ಸೊಂಟಾ ಹಿಡದೈತ್ರಿ?’ ಎಂದ.

ಗಡಿ ಊರಿನವರಾದ್ದರಿಂದ ತಾತ್ಯಾಗೆ ಎರಡು ರಾಜ್ಯ. ಇಲ್ಲಿ ಸಿಗದ ಔಷಧಕ್ಕೆ ದೂಧಗಂಗೆ ದಾಟಿ ಇಚಲಕರಂಜಿ. ಹತ್ತು ರೂಪಾಯಿ ಉಳಿಸಲು ಮೂವತ್ತು ರೂಪಾಯಿಯ ಪೆಟ್ರೋಲು. ಮನೆ ಬಾಗಿಲಿಗೆ ದನದ ಆಂಬುಲೆನ್ಸ್ ಬರುತ್ತದೆ, 1962ಕ್ಕೆ ಫೋನ್ ಮಾಡಿ ಎಂದು ಯಾರೋ ಹೇಳಿದರು. ಎರಡೂ ರಾಜ್ಯಕ್ಕೆ ಅದೇ ನಂಬರು. ತಾತ್ಯಾ ಹೊಳೆದಂಡೆಯ ಹೊಲದಲ್ಲಿ ನಿಂತು ಒತ್ತಿದರು. ಅವರು ಹೇಳುವ ಪ್ರಕಾರ, ಫೋನು ಆಚೆ ದಂಡೆಯ ಟವರು ಹಿಡಿದು ಮರಾಠಿಯ ಹುಡುಗಿ ಎತ್ತಿಕೊಂಡಳು. ಇವರೂ ಮರಾಠಿಯಲ್ಲೇ ಎಮ್ಮೆಯ ಕಷ್ಟ ಸುಖ ಎಲ್ಲ ಹೇಳಿಕೊಂಡರು. ಕೊನೆಗೆ ಜಿಲ್ಲೆ ಕೇಳಿದಾಗ ‘ಬೆಳಗಾವಿ’ ಎಂದರು. ಗಡಿವಿವಾದ ಎಂದರೇನು ಎಂದು ತಮಗೆ ಅವತ್ತೇ ತಿಳಿಯಿತು ಎಂದು ಈಗಲೂ ಕಟ್ಟೆಯ ಮೇಲೆ ಹೇಳುತ್ತಾರೆ.

ಇಂಥ ತಾತ್ಯಾನ ಮನೆಗೆ ಪುಣೆಯ ಮಗ ಒಂದು ಲ್ಯಾಬ್ರಡಾರ್ ತಂದು ಬಿಟ್ಟ. ಫ್ಲ್ಯಾಟಿನಲ್ಲಿ ಜಾಗ ಸಾಲದಂತೆ. ಹೆಸರು ಬ್ರೂನೋ. ಹಾಲಿಲ್ಲ, ಸೆಗಣಿಗೆ ಬೆಲೆಯಿಲ್ಲ, ಮೇಲೆ ದಿನಕ್ಕೆ ಎರಡು ಊಟ. ಒಂದು ದಿನ ಅದು ವಾಂತಿ ಮಾಡಿ ಮೂಲೆ ಹಿಡಿಯಿತು. ತಾತ್ಯಾ ಮಾಡಕ್ಕೆ ಕೈ ಹಾಕಿದ್ದರು. ಎಮ್ಮೆಯ ಡೋಸಿನಲ್ಲಿ ನಾಯಿಗೆ ಎಷ್ಟನೇ ಪಾಲು ಎಂದು ಬೆರಳು ಮಡಚುವಷ್ಟರಲ್ಲಿ ಮೊಮ್ಮಗಳು ಅಡ್ಡ ಬಂದು ಅತ್ತಳು. ಗಾಡಿ ಮಾಡಿಕೊಂಡು ಕೊಲ್ಹಾಪುರಕ್ಕೆ ಹೊರಟರು.

ಅಲ್ಲಿ ಎಸಿ, ಗಾಜಿನ ಬಾಗಿಲು, ನಾಯಿ ತೂಗುವ ತಕ್ಕಡಿ. ಸುತ್ತ ಕುರ್ಚಿಗಳಲ್ಲಿ ತೊಡೆಯ ಮೇಲೆ ನಾಯಿ ಬೆಕ್ಕು ಕೂಡಿಸಿಕೊಂಡ ಮಂದಿ. ತಾತ್ಯಾ ಟೋಪಿ ಸರಿ ಮಾಡಿಕೊಂಡು ಕೂತರು. ಡಾಕ್ಟರು ಒಂದಿಷ್ಟು ಚೌಕಾಶಿ ತಡೆಯುತ್ತಾರೆ ಎಂದು ಅಂದಾಜು ಹಾಕಿ, ಮೊದಲ ಮಾತು ಯಾವುದಿರಬೇಕು ಎಂದೂ ಗೊತ್ತು ಮಾಡಿಕೊಂಡಿದ್ದರು. ಆಗ ಒಳಗಿನಿಂದ ಹುಡುಗಿಯೊಬ್ಬಳು ಫೈಲು ಹಿಡಿದು ಬಂದು ಎಲ್ಲರಿಗೂ ಕೇಳುವಂತೆ ಕರೆದಳು: ‘ಬ್ರೂನೋ ಪಾಟೀಲ!’

ಏಳು ತಲೆಯ ಪಾಟೀಲಕಿ. ಹೆಸರು ಕೂಗಿಸಿಕೊಂಡ ಮೇಲೆ ನಾಲ್ಕು ಮಂದಿಯ ಎದುರು ಚೌಕಾಶಿ ಹೇಗೆ ಮಾಡುವುದು? ರಕ್ತಪರೀಕ್ಷೆ, ಸಲಾಯಿನ್, ಲಸಿಕೆಯ ಪುಸ್ತಕ, ನಾಯಿಯದೇ ಬಿಸ್ಕೀಟು. ಪ್ರಿಂಟಾದ ಬಿಲ್ಲು ಬಂತು. ತಾತ್ಯಾ ಓದಲೂ ಇಲ್ಲ. ನೋಟು ಎಣಿಸಿ ಕೊಟ್ಟು, ‘ಥ್ಯಾಂಕ್ಯೂ’ ಎಂದೂ ಅಂದರಂತೆ. ಸಾಕ್ಷಿ ಮೊಮ್ಮಗಳು.

ಸುದ್ದಿ ಊರಿಗೆ ಇವರಿಗಿಂತ ಮುಂಚೆಯೇ ಮುಟ್ಟಿತು. ಮುಂದಿನ ಸಲ ಎಮ್ಮೆ ನೋಡಲು ಬಂದ ನಮ್ಮ ಡಾಕ್ಟರು ಪೆನ್ನು ತೆಗೆದು ಚೀಟಿಯ ಮೇಲೆ ದೊಡ್ಡದಾಗಿ ಬರೆಯತೊಡಗಿದರು. ಗಟ್ಟಿಯಾಗಿ ಓದಿಯೂ ಬಿಟ್ಟರು: ‘ಹೆಸರು, ಗೌರಿ ಪಾಟೀಲ.’

ತಾತ್ಯಾ ಎಮ್ಮೆಯ ಕಿವಿ ಹಿಡಿದು ಹಳದಿ ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದರು. ‘ಅಡ್ಡಹೆಸರ ಬ್ಯಾಡ್ರಿ. ಸರಕಾರದವರ ಹನ್ನೆರಡ ಅಂಕಿ ನಂಬರ ಕೊಟ್ಟಾರ, ಅದನ್ನ ಬರೀರಿ. ಬರದ ಮ್ಯಾಲೆ ಐವತ್ತ ಕಡಿಮಿ ಮಾಡ್ರಿ.’