ಫಿಲ್ಟರ್ ಪಂಡಿತರು

ಬೆಂಗಳೂರಿನಂಥ ನಗರಗಳ ಮಧ್ಯಮವರ್ಗದಲ್ಲಿ ಈಚೆಗೆ ಹೆಚ್ಚಾಗಿ ಕಾಣಸಿಗುವ ಗೃಹಸ್ಥರ ಒಂದು ಪ್ರಭೇದವನ್ನು, ಅವರ ಹಜಾರದಲ್ಲಿ ಆರು ಅಡಿ ಉದ್ದದ ಗಾಜಿನ ತೊಟ್ಟಿಯೊಂದಿದ್ದು ಅದರಲ್ಲಿ ಒಂದೂ ಮೀನಿಲ್ಲದಿರುವುದರಿಂದ, ಸುಲಭವಾಗಿ ಗುರುತಿಸಬಹುದು. ಇವರನ್ನು ಫಿಲ್ಟರ್ ಪಂಡಿತರೆಂದು ಕರೆಯುವುದೇ ಉಚಿತ. ಸಾಮಾನ್ಯರು ಶಿವಾಜಿನಗರದ ಅಂಗಡಿಯಲ್ಲಿ ಮೀನನ್ನು ನೋಡಿ, ಮೆಚ್ಚಿ, ಬಳಿಕ ಅದಕ್ಕೊಂದು ತೊಟ್ಟಿಯನ್ನೂ ಕೊನೆಗೆ ಅಂಗಡಿಯವನು ಕೈಗಿತ್ತ ಯಾವುದೋ ಒಂದು ಫಿಲ್ಟರನ್ನೂ ತಂದುಕೊಂಡರೆ, ಪಂಡಿತರು ಫಿಲ್ಟರಿನಿಂದಲೇ ಆರಂಭಿಸುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಮನೆಗಳಲ್ಲಿಯೂ ಕುಲಾವಿಯ ಬಟ್ಟೆಯನ್ನು ಕುರಿತು ಇಷ್ಟು ಜಿಜ್ಞಾಸೆ ನಡೆದಿರಲಾರದು.

ಪಂಡಿತರ ವಿದ್ಯೆ ಹುಸಿಯಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು. ಮೀನು ತನ್ನ ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯಾ ಸ್ವತಃ ಅದಕ್ಕೇ ವಿಷವಾಗಿದ್ದು, ಫಿಲ್ಟರಿನ ಸ್ಪಂಜಿನಲ್ಲಿಯೂ ಪಿಂಗಾಣಿ ಬಿಲ್ಲೆಗಳಲ್ಲಿಯೂ ನೆಲೆಸುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಎಂಬ ಇನ್ನೊಂದು ವಿಷವನ್ನಾಗಿಯೂ, ಮತ್ತೊಂದು ಗುಂಪು ಆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಕಸಕಡ್ಡಿಯನ್ನು ತಡೆಹಿಡಿಯುವುದು ಯಾಂತ್ರಿಕ ಶೋಧನೆ. ಈ ಅಣುಜೀವಿಗಳು ನಡೆಸುವುದು ಜೈವಿಕ ಶೋಧನೆ. ಅಮೋನಿಯಾದಿಂದ ನೈಟ್ರೇಟಿನವರೆಗಿನ ಎರಡೂ ಹಂತಗಳನ್ನು ನೈಟ್ರೋಸ್ಪೈರಾ ಕುಲದ ಒಂದೇ ಜೀವಿ ಮುಗಿಸಬಲ್ಲದೆಂದು 2015ರಲ್ಲಿ ಗೊತ್ತಾಯಿತು. ಅಂಥ ಜೀವಿಗಳು ದೊರೆತ ಎಡೆಗಳಲ್ಲಿ ಮೀನು ಸಾಕಣೆಯ ಒಂದು ಫಿಲ್ಟರೂ ಇದ್ದುದು ಪಂಡಿತರಿಗೆ, ಸ್ವಂತ ಮಗನಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆಯ ಸಂಗತಿ. ಸತ್ಯನಾರಾಯಣ ಪೂಜೆಗೆ ಬಂದ ನೆಂಟರು ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ ಈ ವೃತ್ತಾಂತವನ್ನು ಪೂರ್ತಿ ಕೇಳಬೇಕಾಗುತ್ತದೆ.

ಆಯ್ಕೆಯ ಕಷ್ಟ ಶುರುವಾಗುವುದು ಲೆಕ್ಕಾಚಾರದಿಂದ. ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಅಂಚಿನವರೆಗೆ ತುಂಬಿದರೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಆ ನೀರೆಲ್ಲ ಗಂಟೆಗೆ ಐದು ಬಾರಿಯಾದರೂ ಫಿಲ್ಟರನ್ನು ಹಾಯ್ದು ಬರಬೇಕೆಂಬ ರೂಢಿಯ ಲೆಕ್ಕ ಹಿಡಿದರೆ 3,400 ಲೀಟರ್ ತಳ್ಳುವ ಪಂಪು ಬೇಕು. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ, ನೀರನ್ನು ಒಂದಂಗುಲವೂ ಮೇಲೆತ್ತದೆ ಅಳೆದದ್ದಾಗಿದ್ದು, ಪಂಪು ಏರಿಸಬೇಕಾದ ಎತ್ತರ ಹೆಚ್ಚಿದಂತೆಲ್ಲ ಅದು ಇಳಿಯುತ್ತ ಹೋಗುತ್ತದೆಂಬ ಸತ್ಯವನ್ನು ಕಂಡುಕೊಂಡ ದಿನದಿಂದ ಪಂಡಿತರಿಗೆ ಪೆಟ್ಟಿಗೆಗಳ ಮೇಲಿನ ಬರವಣಿಗೆಯಲ್ಲಿ ನಂಬಿಕೆ ಹೊರಟುಹೋಗುತ್ತದೆ. ಗಾಳಿಗುಳ್ಳೆಯಿಂದ ನಡೆಯುವ ಸ್ಪಂಜ್ ಫಿಲ್ಟರು ಅಗ್ಗವಾದ್ದರಿಂದಲೇ ಅವರಿಗೆ ರುಚಿಸದು. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರು, ಕರೆಂಟು ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಒಳಗಿನ ಆಮ್ಲಜನಕವೆಲ್ಲ ಮುಗಿದು ಅಣುಜೀವಿಗಳು ಸಾಯುತ್ತವೆಂಬ ಭಯದಿಂದ ತಿರಸ್ಕೃತವಾಗುತ್ತದೆ. ಕೊನೆಗೆ ಉಳಿಯುವುದು ಸಂಪು, ಅಂದರೆ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಅಡಗಿಸಿಡುವ ಇನ್ನೊಂದು ತೊಟ್ಟಿ. ಮೇಲಿನಿಂದ ಉಕ್ಕಿ ಇಳಿದ ನೀರು ಅಲ್ಲಿನ ಗಾಜಿನ ಅಡ್ಡಗೋಡೆಗಳ ನಡುವೆ ಹಾಯ್ದು, ಪಂಪಿನ ಬಲದಿಂದ ಮತ್ತೆ ಮೇಲೇರುತ್ತದೆ.

ಸಂಪಿನಲ್ಲಿ ಪಂಡಿತರ ಕಲಾವಂತಿಕೆ ಕಾಣುವುದು ಒಂದು ರಂಧ್ರದಲ್ಲಿ. ರಾತ್ರಿ ಎರಡು ಗಂಟೆಗೆ ಕರೆಂಟು ಹೋದಾಗ, ನೀರನ್ನು ಮೇಲೇರಿಸುತ್ತಿದ್ದ ಕೊಳವೆಯೇ ಮೇಲಿನ ನೀರನ್ನು ಹಿಂದಕ್ಕೆ ಎಳೆಯತೊಡಗಿ, ಸಂಪು ತುಂಬಿ, ಹಜಾರವು ಕೆರೆಯಾಗುವ ಸಂಭವವಿರುವುದರಿಂದ, ಆ ಕೊಳವೆಗೆ ನೀರಿನ ಮಟ್ಟದಿಂದ ತುಸುವೇ ಕೆಳಗೆ ಸಣ್ಣ ತೂತು ಕೊರೆಯಬೇಕು. ಮಟ್ಟ ಅಲ್ಲಿಗೆ ಇಳಿದೊಡನೆ ತೂತು ಗಾಳಿ ಹೀರಿ ಆ ಎಳೆತವನ್ನು ಮುರಿಯುತ್ತದೆ. ಪಂಡಿತರು ಸೂಕ್ಷ್ಮವಾದ ಬೈರಿಗೆಯಿಂದ ಇದನ್ನು ಕೊರೆದು, ಬಂದವರಿಗೆಲ್ಲ ಟಾರ್ಚು ಹಿಡಿದು ತೋರಿಸುತ್ತಾರೆ. ಪಾಚಿ ಕಟ್ಟಿ ಆ ತೂತು ಮುಚ್ಚಿಹೋಗಬಹುದೆಂಬುದನ್ನು ಅವರಿಗೆ ಸಾಮಾನ್ಯವಾಗಿ ತಿಳಿಸುವವರು, ತಮ್ಮ ಮನೆಯ ಚಾವಣಿಯಿಂದ ತೊಟ್ಟಿಕ್ಕುವುದನ್ನು ಕಂಡು ಲುಂಗಿಯಲ್ಲೇ ಮೇಲೆ ಬಂದ ಕೆಳಮಹಡಿಯವರು.

ಇಷ್ಟಾದರೂ ಮೀನು ಬರುವಂತಿಲ್ಲ. ಅಣುಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗಿ, ಅಲ್ಲಿಯವರೆಗೆ ಖಾಲಿ ತೊಟ್ಟಿಗೇ ಅಮೋನಿಯಾ ಹನಿಸುತ್ತ, ಗಾಜಿನ ನಳಿಕೆಯಲ್ಲಿ ನೀರಿನ ಬಣ್ಣ ನೋಡುತ್ತ ಕೂರುವ ಪದ್ಧತಿಯಿದೆ. ಇದು ಶಾಸ್ತ್ರಸಮ್ಮತವೇ ಆದರೂ, "ಅಲ್ಲಪ್ಪಾ, ಇದರೊಳಗೆ ಮೀನು ಅನ್ನೋದು ಬರುತ್ತೋ, ಇಲ್ಲಾ ಬರೀ ಮೋಟಾರೇ ತಿರುಗ್ತಿರುತ್ತೋ?" ಎಂದು ಮನೆಯ ಅಜ್ಜಿ ಕೇಳುವ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಅಂತೂ ಒಂದು ಜೊತೆ ಆಸ್ಕರ್ ಮೀನು ಮನೆ ಸೇರಿದ ಮೇಲೆ ಆಯುಧಪೂಜೆ ಬರುತ್ತದೆ. ಪಂಡಿತರು ಕಚೇರಿಯಿಂದ ಹಿಂತಿರುಗುವಷ್ಟರಲ್ಲಿ ಮನೆಯವರು ಸಂಪಿನ ಸ್ಪಂಜಿಗೆ ಮೆತ್ತಿದ್ದ ಕಂದು ಲೋಳೆಯನ್ನು ಕೊಳೆಯೆಂದು ಬಗೆದು, ಕ್ಲೋರಿನ್ ಬೆರೆತ ಕಾವೇರಿ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಪಂಪಿಗೆ ಅರಿಶಿನ ಕುಂಕುಮವಿಟ್ಟು ಸೇವಂತಿಗೆ ಹೂ ಮುಡಿಸಿರುತ್ತಾರೆ. ಆ ಲೋಳೆಯಲ್ಲಿಯೇ ಅಣುಜೀವಿಗಳ ಇಡೀ ಸಂಸಾರವಿತ್ತೆಂದೂ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮಾತ್ರ ಅದ್ದಿ ಹಿಂಡಬೇಕಿತ್ತೆಂದೂ ಹಬ್ಬದ ದಿನ ಕೂಗಾಡಲಾಗದೆ, ಪಂಡಿತರು ಮರುದಿನದಿಂದ ಮತ್ತೆ ನಳಿಕೆ ಹಿಡಿಯುತ್ತಾರೆ.

ಇಷ್ಟೆಲ್ಲ ಪಾಂಡಿತ್ಯದ ಹಿಂದಿರುವ ಆಸೆ ಒಂದೇ: ಒಳ್ಳೆಯ ಫಿಲ್ಟರಿದ್ದರೆ ನೀರು ಬದಲಿಸುವ ಕೆಲಸ ತಪ್ಪೀತು ಎಂಬುದು. ಅದು ತಪ್ಪುವುದಿಲ್ಲ. ಫಿಲ್ಟರಿನ ದುಡಿಮೆಯ ಕೊನೆಯ ಫಲವಾದ ನೈಟ್ರೇಟ್ ನೀರಿನಲ್ಲಿಯೇ ಸೇರುತ್ತ ಹೋಗುತ್ತದೆ, ಗಿಡಗಳು ಒಂದಿಷ್ಟು ಹೀರಿದರೂ ಉಳಿದದ್ದನ್ನು ಹೊರಗೆ ಚೆಲ್ಲಲೇಬೇಕು. ಆದ್ದರಿಂದ ದೊಡ್ಡ ತೊಟ್ಟಿಯ ಆಸೆಯುಳ್ಳ ಓದುಗರು ಫಿಲ್ಟರನ್ನು ಒಂದು ಮಧ್ಯಾಹ್ನದಲ್ಲಿ ಆರಿಸಿ ಮುಗಿಸಿ, ವಾರಕ್ಕೊಮ್ಮೆ ಕಾಲುಭಾಗ ನೀರು, ಎಂದರೆ 170 ಲೀಟರನ್ನು ಬಚ್ಚಲಿಗೆ ಹೊತ್ತುಹಾಕುವವರು ಯಾರೆಂಬುದನ್ನು ಮನೆಮಂದಿಯೆಲ್ಲ ಕೂತು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳಿತು.