ಎಕೋ ಗಿಕೋ

ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಬಳಗದಲ್ಲಿ ಎಕೋ ಅಂದರೆ ಒಂದೇ ಅರ್ಥ. ‘ಎಕೋ ಆಯ್ತೇ ರಾಯರೇ?’ ‘ಆಯ್ತು, ನಾರ್ಮಲ್ಲು.’ ಬೆಟ್ಟ, ಕಣಿವೆ ಯಾವುದೂ ಯಾರ ತಲೆಗೂ ಹೊಳೆಯುವುದಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಬಳಿದು, ಪಕ್ಕೆಲುಬಿನ ಸಂದಿಗೆ ಅದೇನನ್ನೋ ಒತ್ತಿ ‘ಉಸಿರು ಹಿಡ್ಕೊಳ್ಳಿ ಸಾರ್’ ಅನ್ನುತ್ತಾರೆ. ಕಿವಿಗೆ ಕೇಳದ ಶಬ್ದವೊಂದು ಹೃದಯದ ಗೋಡೆಗೆ ಬಡಿದು ಹಿಂತಿರುಗಿ ಪರದೆಯ ಮೇಲೆ ಚಿತ್ರವಾಗುತ್ತದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಇದನ್ನು ಶುರುಮಾಡಿದ್ದು ಹಡಗುಕಟ್ಟೆಯಿಂದ ಕಡ ತಂದ ಯಂತ್ರದಿಂದ. ಲೋಹದಲ್ಲಿ ಬಿರುಕು ಹುಡುಕುವ ಯಂತ್ರ! ಹೃದಯ ಒಡೆಯಿತೆಂದು ಸಿನಿಮಾದಲ್ಲಿ ಅಳುವವರಿಗೆ ಹೇಳಿ ಮಾಡಿಸಿದ್ದು.

ಜಾತ್ರೆಯ ಮೈಕ್‌ಸೆಟ್ಟಿನವನ ಎಕೋ ಬೇರೆ. ಅವನ ಪಾಲಿಗೆ ಅದೊಂದು ಪುಟ್ಟ ತಿರುಪು. ಬಲಕ್ಕೆ ತಿರುಗಿಸಿದಷ್ಟೂ ಮಾತಿಗೆ ತೂಕ. ಐವತ್ತು ರೂಪಾಯಿ ಕೊಟ್ಟವನ ಹೆಸರೂ ನಾಲ್ಕು ಸಲ ಮೊಳಗಿ ಅವನು ಮಹಾದಾನಿಯಾಗುತ್ತಾನೆ. ಆದರೆ ಎಕೋ ಹಿಡಿಯುವುದು ಮಾತಿನ ಬಾಲವನ್ನು. ಕನ್ನಡದ ಜೀವವೆಲ್ಲ ಬಾಲದಲ್ಲೇ. ‘ಎಲ್ಲರೂ ಪ್ರಸಾದಕ್ಕೆ ಬನ್ನಿ’ ಅಂದರೆ ‘ಬನ್ನಿ, ಬನ್ನಿ’ ಎಂದು ಊರಿಗೆ ಊರೇ ಕರೆದಂತಾಗುತ್ತದೆ, ಸರಿ. ಅಷ್ಟರಲ್ಲಿ ಅಡುಗೆಯವನು ಬಂದು, ಮೈಕು ಆನ್ ಇರುವುದು ಗೊತ್ತಿಲ್ಲದೆ, ‘ಅನ್ನ ಸಾಲುತ್ತೋ ಇಲ್ವೋ’ ಎಂದು ಪಿಸುಗುಟ್ಟಿದ. ‘ಇಲ್ವೋ... ಇಲ್ವೋ... ಇಲ್ವೋ...’ ತೇರಿನ ಮುಂದಿದ್ದ ಜನವೆಲ್ಲ ಪಂಕ್ತಿಯ ಕಡೆ ಓಡಿತು.

ಈ ವಿಷಯದಲ್ಲಿ ಇಂಗ್ಲಿಷಿಗಿಂತ ನಾವೇ ವಾಸಿ. ಅವರು ‘ಡೋಂಟ್ ಕಮ್’ ಎಂದು ಕೂಗಿದರೆ ಬೆಟ್ಟ ‘ಕಮ್, ಕಮ್’ ಎಂದು ಕರೆಯುತ್ತದೆ. ನಾವು ‘ಬರಬೇಡ’ ಅಂದರೆ ‘ಬೇಡ, ಬೇಡ’ ಎಂದು ಕೈಜೋಡಿಸುತ್ತದೆ. ಗ್ರೀಕರ ಕಥೆಯ ಎಕೋ ಎಂಬ ಹುಡುಗಿಗೂ ಹೀರಾ ದೇವಿ ಕೊಟ್ಟ ಶಾಪ ಇದೇ: ಬೇರೆಯವರ ಕೊನೆಯ ಮಾತನ್ನಷ್ಟೇ ಆಡಬೇಕು. ಪಾಪ, ನಾರ್ಸಿಸಸ್‌ನನ್ನು ಪ್ರೀತಿಸಿದರೂ ತಾನಾಗಿ ಬಾಯಿಬಿಡುವಂತಿಲ್ಲ. ಅತಿಯಾಗಿ ಮಾತಾಡಿ ದೇವಿಯನ್ನು ಏಮಾರಿಸಿದ್ದಕ್ಕೆ ಈ ಶಿಕ್ಷೆಯಂತೆ. ನಮ್ಮಲ್ಲಾಗಿದ್ದರೆ ಆಕೆಗೆ ಟಿವಿಯಲ್ಲಿ ನಿರೂಪಕಿಯ ಕೆಲಸ ಸಿಗುತ್ತಿತ್ತು.

ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಗುಟ್ಟುವವರನ್ನು ನಾನಂತೂ ನೋಡಿಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹ ಕೆಳಗೆ ಮಲಗಿದ್ದಾನೆ. ಮೇಲೆ ಶಾಲಾ ಮಕ್ಕಳು ತಮ್ಮ ಹೆಸರನ್ನು ಏಳೆಂಟು ಸಲ ಕೇಳಿಸಿಕೊಳ್ಳುತ್ತವೆ. ಗಲಾಟೆ ನಿಲ್ಲಿಸಲು ಕಾವಲುಗಾರ ಊದಿದ ಸೀಟಿಯೂ ಅಷ್ಟೇ ಸಲ ಕೂಗಿ, ಗಲಾಟೆಗೆ ಸೇರಿಕೊಳ್ಳುತ್ತದೆ.

ಭಾಷಾಶಾಸ್ತ್ರಜ್ಞರಂತೂ ನಮ್ಮ ಬಾಯಲ್ಲೇ ಗುಮ್ಮಟ ಕಂಡುಕೊಂಡಿದ್ದಾರೆ. ಊಟಗೀಟ, ಹುಲಿಗಿಲಿ, ಮದುವೆಗಿದುವೆ ಇವೆಲ್ಲ ಅವರ ಲೆಕ್ಕದಲ್ಲಿ ಎಕೋ ಪದಗಳು. ನನ್ನ ಹೆಂಡತಿ ಮಾತ್ರ ಅವನ್ನು ಪದಾರ್ಥಗಳೆಂದೇ ನಂಬಿದ್ದಾಳೆ. ‘ಕಾಫಿಗೀಫಿ ಏನಾದ್ರೂ ಇದೆಯಾ?’ ಅಂದರೆ, ‘ಕಾಫಿ ಮುಗೀತು. ಗೀಫಿ ಇರ್ಬೇಕು, ಫ್ಲಾಸ್ಕ್ ಬಗ್ಗಿಸಿ ನೋಡಿ’ ಅನ್ನುತ್ತಾಳೆ.