ಕೆರೆಯ ಮೇಲೆ ಸಾಷ್ಟಾಂಗ

ಮ್ಯಾಡಿಸನ್ನಿಗೆ ಗಂಟುಮೂಟೆ ಕಟ್ಟುವ ಮೊದಲು ಕನ್ನಡಿಗರು ಈಚೀಚೆಗೆ ನನಗೆ ಫೋನು ಮಾಡುತ್ತಾರೆ. ಹೆಂಡತಿಯ ನೌಕರಿಯ ಬಾಲ ಹಿಡಿದು ಬಂದು, ಹಗಲೆಲ್ಲ ಕಿಟಕಿಯ ಪಕ್ಕ ಕಾಫಿ ಹೀರುತ್ತ ಕೂತವನಿಗೆ ಊರಿನ ಸಮಾಚಾರವೆಲ್ಲ ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ಅದನ್ನು ಕೆಡಿಸುವಷ್ಟು ಒರಟ ನಾನಲ್ಲ.

ದಾರಿ ಮಾತ್ರ ಯಾರನ್ನೂ ಕೇಳಬೇಡಿ ಎನ್ನುತ್ತೇನೆ. ವಿಸ್ಕಾನ್ಸಿನ್ ರಾಜ್ಯದ ಈ ರಾಜಧಾನಿಯ ಹೃದಯಭಾಗ ಮೆಂಡೋಟಾ, ಮೊನೋನಾ ಎಂಬ ಎರಡು ಕೆರೆಗಳ ನಡುವಿನ ನೆಲದ ಪಟ್ಟಿಯ ಮೇಲೆ ಕೂತಿದೆ. ಕ್ಯಾಪಿಟಲ್ ಗುಮ್ಮಟದ ಕೆಳಗೆ ನಿಂತು ವಿಳಾಸ ಕೇಳಿದರೆ "ಹೀಗೇ ಕೆರೆ ಕಡೆ ಹೋಗಿ" ಅನ್ನುತ್ತಾರೆ. ಈ ಕಡೆ ಹೋದರೂ ಕೆರೆ, ಆ ಕಡೆ ಹೋದರೂ ಕೆರೆ. ಚಳಿಗಾಲದಲ್ಲಿ ಕಾರು ಬೀದಿಯಲ್ಲಿ ನಿಲ್ಲಿಸುವವರು ಪಂಚಾಂಗ ಓದಲು ಕಲಿತಿರಬೇಕು. ಹಿಮದ ತುರ್ತುಸ್ಥಿತಿ ಸಾರಿದಾಗ, ರಾತ್ರಿ ಒಂದರಿಂದ ಬೆಳಗಿನ ಏಳರವರೆಗೆ, ಸಮ ತಾರೀಖಿನಂದು ಸಮ ಸಂಖ್ಯೆಯ ಮನೆಗಳ ಬದಿ, ಬೆಸ ತಾರೀಖಿನಂದು ಬೆಸ ಸಂಖ್ಯೆಯ ಬದಿ. ಮಲಗುವಾಗ ಇದ್ದ ತಾರೀಖು ಒಂದು ಗಂಟೆಗೆ ಇರುವುದಿಲ್ಲ ಎಂಬುದೇ ಇದರ ಸೂಕ್ಷ್ಮ. ಸೂರ್ಯೋದಯಕ್ಕೆ ದಿನ ಬದಲಾಗುತ್ತದೆಂದು ನಂಬಿ ಬೆಳೆದವರಿಗೆ ಕಷ್ಟ. ಇನ್ನು ತಿಂಡಿಯ ಮಾತು. ಚೀಸ್ ಕರ್ಡ್ಸ್ ಎಂಬ ತಾಜಾ ಚೀಸಿನ ತುಣುಕುಗಳು ಹಲ್ಲಿಗೆ ಸಿಕ್ಕಾಗ ಕೀಂಯ್ ಅನ್ನಬೇಕು. ಸುಮ್ಮನಿದ್ದರೆ ಹಳೆಯ ಮಾಲು. ಶುಕ್ರವಾರ ರಾತ್ರಿ ಊರಿಗೆ ಊರೇ ಕರಿದ ಮೀನು ತಿನ್ನುತ್ತದೆ, ಸಸ್ಯಾಹಾರಿಗಳು ಆಲೂಗಡ್ಡೆಯ ಪಾದವೇ ಗತಿ ಎಂದಿರಬೇಕು.

ಇನ್ನು ಊರಿನ ಅಧಿಕೃತ ಪಕ್ಷಿ ಪ್ಲಾಸ್ಟಿಕ್ಕಿನ ಗುಲಾಬಿ ಫ್ಲೆಮಿಂಗೋ. ತಮಾಷೆಯಲ್ಲ, 2009ರಲ್ಲಿ ನಗರಸಭೆಯೇ ಮತ ಹಾಕಿ ಮಾಡಿದ್ದು. 1979ರಲ್ಲಿ ವಿಶ್ವವಿದ್ಯಾಲಯದ ಕೆಲವು ಕಿಡಿಗೇಡಿ ವಿದ್ಯಾರ್ಥಿಗಳು ಬ್ಯಾಸ್ಕಮ್ ಗುಡ್ಡದ ಮೇಲೆ ಇಂಥ 1,008 ಹಕ್ಕಿಗಳನ್ನು ರಾತ್ರೋರಾತ್ರಿ ನೆಟ್ಟಿದ್ದರ ನೆನಪಿಗೆ. ಸಾವಿರದೆಂಟು! ಗುಂಪಿನಲ್ಲಿ ನಮ್ಮ ಕಡೆಯವರು ಯಾರೋ ಇದ್ದಿರಲೇಬೇಕು ಎಂದು ನನ್ನ ಗುಮಾನಿ. ಅದೇ ಗುಂಪು ಅದೇ ವರ್ಷ ಹೆಪ್ಪುಗಟ್ಟಿದ ಮೆಂಡೋಟಾದ ಮೇಲೆ ಲಿಬರ್ಟಿ ದೇವಿಯ ತಲೆ ಮತ್ತು ಪಂಜನ್ನಷ್ಟೇ ಕಟ್ಟಿ ನಿಲ್ಲಿಸಿತ್ತು. ಉಳಿದ ದೇವಿಯೆಲ್ಲ ನೀರಿನಡಿಯಲ್ಲಿ ನಿಂತಿದ್ದಾಳೆ ಎಂದು ನೋಡಿದವರು ತಿಳಿಯಬೇಕು. ಊರವರು ಇದನ್ನು ನಗುತ್ತ ಹೇಳುತ್ತಾರೆ. ನನಗೆ ನಗು ಬರಲಿಲ್ಲ. ಅಷ್ಟೆತ್ತರದ ದೇವಿಯನ್ನೇ ಮೂಗಿನವರೆಗೆ ನುಂಗಿದ ಕೆರೆ ನನ್ನಂಥವನನ್ನು ಬಿಟ್ಟೀತೇ?

"ಊರಿಗೆ ಬಂದೋಳು ನೀರಿಗೆ ಬಾರಳೇನ್ರೀ, ಏಳಿ" ಎಂದು ಹೆಂಡತಿ ಜನವರಿಯ ಒಂದು ಭಾನುವಾರ ನನ್ನನ್ನು ಎಬ್ಬಿಸಿ ಮೆಂಡೋಟಾದ ದಂಡೆಗೆ ಕರೆತಂದಳು. ಹಿಂದಿನ ರಾತ್ರಿ ನಾನು ಮಂಜುಗಡ್ಡೆಯ ಮೇಲಿನ ನಡಿಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ನಡೆಯಲು ಸ್ವಚ್ಛವಾದ ನಾಲ್ಕು ಇಂಚು ಗಡ್ಡೆ ಬೇಕು. ನಾಲ್ಕೇ ಇಂಚು! ನಮ್ಮ ಬಾಡಿಗೆ ಮನೆಗಳ ಅರ್ಧ ಇಟ್ಟಿಗೆಯ ಗೋಡೆ ಅದಕ್ಕಿಂತ ದಪ್ಪ. ಅದರಾಚೆ ಪಕ್ಕದ ಮನೆಯವರು ಸೀನಿದರೆ ನಮಗೆ ನೆಗಡಿ. ಬಿರುಕಿನ ಸದ್ದಾದರೆ ಓಡಬಾರದು, ತೂಕ ಹರಡುವಂತೆ ಬೋರಲು ಮಲಗಿ ಬಂದ ದಾರಿಯಲ್ಲೇ ತೆವಳಬೇಕು ಎಂದೂ ಓದಿದ್ದೆ. ಕೆರೆ ಸುಮ್ಮನಿರುವಾಗಲೂ ಗಡ್ಡೆ ಚಳಿ ಏರಿಳಿದಂತೆ ಹಿಗ್ಗಿ ಕುಗ್ಗಿ ಸದ್ದು ಮಾಡುತ್ತದೆ ಎಂಬುದು ಮುಂದಿನ ಪುಟದಲ್ಲಿತ್ತಂತೆ. ಅಷ್ಟರಲ್ಲಿ ನಿದ್ದೆ ಬಂದಿತ್ತು.

ಹೆಂಡತಿ ಗಾಂಧಿ ಬಜಾರಿನಲ್ಲಿ ಹೂ ಕೊಳ್ಳಲು ಹೊರಟವಳ ಹಾಗೆ ಸರಸರ ಮುಂದೆ ಹೋದಳು. ನಾನು ಒಂದೊಂದು ಹೆಜ್ಜೆಗೂ ಕೆರೆಯ ಅಪ್ಪಣೆ ಕೇಳುತ್ತ ಹಿಂದೆ ಹೊರಟೆ. ದಂಡೆ ಸಾಕಷ್ಟು ದೂರವಾದ ಮೇಲೆ ಕಾಲಡಿಯಲ್ಲಿ ಗುಡುಗಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಯಾರೋ ಕಬ್ಬಿಣದ ಬೀರು ಎಳೆದ ಹಾಗೆ.

ನಾನು ಮಲಗಿದೆ. ಬಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಅಲ್ಲ, ಶಾಸ್ತ್ರೋಕ್ತವಾಗಿ ಮಲಗಿದೆ. ಕೈ ಚಾಚಿ, ಕಾಲು ಅಗಲಿಸಿ, ಹಣೆ, ಎದೆ, ಮಂಡಿ ಎಲ್ಲವನ್ನೂ ಕೆರೆಗೆ ಒಪ್ಪಿಸಿ ಹಿಂದಕ್ಕೆ ತೆವಳತೊಡಗಿದೆ. ಸ್ವಲ್ಪ ಹೊತ್ತಿಗೆ ಕಣ್ಣೆದುರು ಎರಡು ಭಾರೀ ಬೂಟುಗಳು ಬಂದು ನಿಂತವು. ಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಟ್ಟು ಬಕೆಟ್ಟಿನ ಮೇಲೆ ಕೂತಿದ್ದ ಒಬ್ಬ ಅಜ್ಜ. "ಏನಾದರೂ ಬಿದ್ದುಹೋಯಿತೇ?" ಎಂದ.

ಮಾನ ಹೋಯಿತು ಎನ್ನುವುದು ಹೇಗೆ? "ಕಾಂಟ್ಯಾಕ್ಟ್ ಲೆನ್ಸು" ಎಂದೆ.

ವಿಸ್ಕಾನ್ಸಿನ್ನಿನವರ ಒಳ್ಳೆಯತನದ ಬಗ್ಗೆ ನನಗೆ ಆಗ ಅರಿವಿರಲಿಲ್ಲ. ಅಜ್ಜ "ಯಾರೂ ಅಲ್ಲಾಡಬೇಡಿ!" ಎಂದು ಕೂಗಿ ತಾನೂ ಮಂಡಿಯೂರಿದ. ಹಿಮಹಾವುಗೆ ಕಟ್ಟಿಕೊಂಡಿದ್ದ ದಂಪತಿ ಅದನ್ನು ಬಿಚ್ಚಿ ಮಂಡಿಯೂರಿದರು. ಸ್ಕೇಟಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ಗಕ್ಕನೆ ನಿಂತು ಮಂಡಿಯೂರಿದಳು. ಅವಳ ನಾಯಿಯನ್ನು ಮಾತ್ರ, ನುಂಗಿಬಿಟ್ಟೀತೆಂದು ದೂರ ಕಟ್ಟಿದರು. ಯಾರೋ ಟಾರ್ಚು ತಂದರು. ಮತ್ತೊಬ್ಬಾತ ಕೆರೆಯನ್ನು ಚೌಕಗಳಾಗಿ ಹಂಚಿಕೊಟ್ಟ. ಎಡಗಣ್ಣಿನದೋ ಬಲಗಣ್ಣಿನದೋ ಎಂದು ಒಬ್ಬಾಕೆ ಕೇಳಿದಳು, ಎಡ ಎಂದೆ. ಇಷ್ಟೂ ಹೊತ್ತು ನನ್ನ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ ಕೂತಿತ್ತು. ಎಲ್ಲರೂ ಅದನ್ನು ನೋಡಿದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಬೆಂಗಳೂರಾಗಿದ್ದರೆ ಮೊದಲ ನಿಮಿಷದಲ್ಲೇ "ಏನ್ ಸಾರ್, ಕನ್ನಡಕದ ಒಳಗೇ ಇದ್ದೀತು ನೋಡಿ" ಎಂದು ನನ್ನ ಕಥೆ ಮುಗಿಸಿರುತ್ತಿದ್ದರು.

ಹೆಂಡತಿ ತಿರುಗಿ ಬಂದಳು. ವಿಷಯ ತಿಳಿದು, ತಾನೂ ಮಂಡಿಯೂರಿ ಹುಡುಕುವವಳಂತೆ ಬಗ್ಗಿ, ನಗುಮುಖದಲ್ಲೇ ಕನ್ನಡದಲ್ಲಿ, "ಮನೆಗೆ ಬನ್ನಿ, ನೋಡ್ಕೋತೀನಿ" ಎಂದಳು. "ಪಾಪ, ಎಷ್ಟು ಕಾಳಜಿ" ಎಂದು ಟಾರ್ಚಿನವನು ಮೆಚ್ಚಿಕೊಂಡ.

ಆಗ ಆ ಹುಡುಗಿ "ಸಿಕ್ಕಿತು!" ಎಂದು ಕಿರುಚಿದಳು. ಅವಳ ಅಂಗೈಯಲ್ಲಿ ತೆಳ್ಳನೆಯ, ಗುಂಡನೆಯ, ಪಾರದರ್ಶಕವಾದ ಏನೋ ಇತ್ತು. ಮೀನಿನ ಹುರುಪೆ. ಸುತ್ತಲೂ ಚಪ್ಪಾಳೆ. ನಾನು ಅದನ್ನು ಎರಡು ಬೆರಳಲ್ಲಿ ಹಿಡಿದು, ಕನ್ನಡಕ ಮೇಲಕ್ಕೆ ಸರಿಸಿ, ಬೆಳಕಿಗೊಡ್ಡಿ ನೋಡಿ, "ಇದೇ, ಇದೇ" ಎಂದೆ. ಏಳು ತಲೆಮಾರಿನ ಸಸ್ಯಾಹಾರಿ ಅದನ್ನು ಪರ್ಸಿನಲ್ಲಿ ರಾಘವೇಂದ್ರಸ್ವಾಮಿಗಳ ಪಟದ ಪಕ್ಕ ಇಟ್ಟುಕೊಂಡ.

ಅಜ್ಜ ತನ್ನ ಇನ್ನೊಂದು ಬಕೆಟ್ಟು ಬೋರಲು ಹಾಕಿ ನನ್ನನ್ನು ಕೂರಿಸಿದ. ಈಗೆಲ್ಲ ಕೆರೆ ಮೊದಲಿನಂತೆ ಕಟ್ಟುವುದಿಲ್ಲ ಎಂದು ಅವನ ದುಃಖ. ಮೆಂಡೋಟಾ ಎಂದು ಕಟ್ಟಿತು, ಎಂದು ಒಡೆಯಿತು ಎಂಬುದನ್ನು ಇಲ್ಲಿ 1850ರ ದಶಕದಿಂದ ಬರೆದಿಟ್ಟಿದ್ದಾರೆ. ಮೊದಲಿಗೆ ಹೋಲಿಸಿದರೆ ಗಡ್ಡೆಯ ಕಾಲ ಸುಮಾರು ಒಂದು ತಿಂಗಳು ತಗ್ಗಿದೆ, 2001-02ರ ಚಳಿಗಾಲದಲ್ಲಂತೂ ಬರೀ 21 ದಿನ. ಬೇಸಿಗೆಯಲ್ಲಿ ಹೊಲಗಳ ಗೊಬ್ಬರವೆಲ್ಲ ತೊಳೆದು ಬಂದು ನೀರು ಪಾಚಿಗಟ್ಟಿ ಹಸಿರಾಗುತ್ತದೆ ಎಂದೂ ಬೈದುಕೊಂಡ. ಆಮೇಲೆ, "ನಿಮ್ಮೂರಿನಲ್ಲಿ ಕೆರೆಗಳಿವೆಯೇ?" ಎಂದು ಕೇಳಿದ.

"ಇವೆ" ಎಂದೆ. "ತುಂಬಾ ಗಟ್ಟಿ. ಧರ್ಮಾಂಬುಧಿ ಕೆರೆಯ ಮೇಲೆ ದಿನವೂ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಮೇಲೆ ಓಟದ ಪಂದ್ಯ ನಡೆಯುತ್ತದೆ. ಎಷ್ಟೋ ವರ್ಷ ಓಡಾಡಿದ್ದೇನೆ, ಒಂದು ದಿನವೂ ಹೆದರಿಕೆಯಾಗಿಲ್ಲ."

ಅಜ್ಜನ ಕಣ್ಣು ಅಗಲವಾಯಿತು. "ವರ್ಷವಿಡೀ? ಎಷ್ಟು ಇಂಚು ದಪ್ಪ?"

ಧರ್ಮಾಂಬುಧಿಯನ್ನು ಮುಚ್ಚಿ ಮಾಡಿದ ಮೆಜೆಸ್ಟಿಕ್ ಬಸ್ ನಿಲ್ದಾಣದ ದಪ್ಪ ಯಾರು ಅಳೆದಿದ್ದಾರೆ? ನೀರಿದ್ದ ಕೆರೆಯ ಮೇಲೆ ಎದೆಯೂರಿ ಮಲಗಿ ಬಂದವನಿಗೆ ಇದ್ದಕ್ಕಿದ್ದಂತೆ ಯಾರ ಮೇಲೋ ಸಿಟ್ಟು ಬಂತು. ಇನ್ನೂ ನೀರು ಉಳಿದ ಕೆರೆಗಳೂ ಇವೆ, ಅವುಗಳಲ್ಲೊಂದಕ್ಕೆ, ಬೆಳ್ಳಂದೂರಿನದಕ್ಕೆ, ಎಷ್ಟೋ ಸಲ ಬೆಂಕಿ ಹತ್ತಿದ್ದುಂಟು, ಆರಿಸಲು ಸೈನಿಕರು ಬಂದದ್ದೂ ಉಂಟು ಎಂದು ಹೇಳಿದೆ.

ಅಜ್ಜ ನನ್ನ ಕನ್ನಡಕವನ್ನು ಒಮ್ಮೆ ನೋಡಿದ, ಗಾಳವನ್ನು ಒಮ್ಮೆ ಜಗ್ಗಿದ, ಜೋರಾಗಿ ನಕ್ಕು ನನ್ನ ಬೆನ್ನಿಗೆ ಗುದ್ದಿದ. ಲೆನ್ಸಿನ ಕಥೆಗೆ ಮಂಡಿಯೂರಿದ್ದ ಮನುಷ್ಯ ಇದನ್ನು ಮಾತ್ರ ನಂಬಲಿಲ್ಲ.